‘ಸರ್ವರ್ ಡೌನ್’ ಅಂದ್ರೆ ಏನು? ಸಬ್‌ಮಿಟ್ ಒತ್ತಿದ ಮೇಲೆ ನಮ್ಮ ಅರ್ಜಿ ಎಲ್ಲಿಗೆ ಹೋಗುತ್ತೆ?

ಎರಡು ತಿಂಗಳ ಹಿಂದೆ ಒಂದು ರಾತ್ರಿ ಹನ್ನೊಂದೂವರೆಗೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಮೈಸೂರಿನಲ್ಲೇ ಡಿಗ್ರಿ ಎರಡನೇ ವರ್ಷ ಓದ್ತಿದ್ದಾಳೆ. “ಅಣ್ಣಾ, ನೀವು ಸಾಫ್ಟ್‌ವೇರ್ ಕೆಲಸ ಅಲ್ವಾ? ಸ್ಕಾಲರ್‌ಶಿಪ್ ಅರ್ಜಿ ಹೋಗ್ತಾನೇ ಇಲ್ಲ. ಇವತ್ತು ಹನ್ನೆರಡಕ್ಕೆ ಲಾಸ್ಟು.”

ಅಶೋಕಪುರಂನಲ್ಲಿರುವ ಅವರ ಮನೆಗೆ ಹೋದೆ. ಹಳೇ ಲ್ಯಾಪ್‌ಟಾಪ್, ಅದಕ್ಕೆ ಅಮ್ಮನ ಫೋನಿನ ಹಾಟ್‌ಸ್ಪಾಟ್. ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ, ಫೀ ರಸೀದಿ ಎಲ್ಲಾ ಸೇರಿಸಿ ಮಾಡಿದ ಒಂದು ಪಿಡಿಎಫ್, 4.2 ಎಂಬಿ. ಸಬ್‌ಮಿಟ್ ಒತ್ತಿದರೆ ನೀಲಿ ಗೆರೆ ತೆವಳಿಕೊಂಡು 100 ಪರ್ಸೆಂಟ್ ಮುಟ್ಟಿತು. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಬಿಳಿ ಹಾಳೆಯ ಮೇಲೆ ‘504’ ಅಂತ ಬಂತು. ಇನ್ನೊಂದು ಸಲ ಒತ್ತಿದ್ವಿ. ಈ ಬಾರಿ ಅರ್ಧದಾರೀಲೇ ಕನೆಕ್ಷನ್ ಕಡಿದುಹೋಯ್ತು. ಮೂರನೇ ಸಲ ಒತ್ತುವಾಗ ಗಡಿಯಾರ ಹನ್ನೆರಡು ದಾಟಿತ್ತು.

ಮುಂದಿನ ವಾರ ಅವಳು ಕಚೇರಿಗೆ ಹೋಗಿ ಕೇಳಿದಾಗ ಸಿಕ್ಕ ಉತ್ತರ ಇಷ್ಟೇ: “ನಿಮ್ಮ ಅರ್ಜಿ ಬಂದೇ ಇಲ್ವಲ್ಲಮ್ಮ. ಸಿಸ್ಟಂನಲ್ಲಿ ತೋರಿಸ್ತಾ ಇಲ್ಲ.”

ನನ್ನ ಹೊಟ್ಟೆಪಾಡು ಇದೇ. ಜನ ಕಳಿಸೋ ಫೈಲುಗಳನ್ನ ಸರ್ವರ್‌ಗಳು ಬರಮಾಡಿಕೊಳ್ಳುವ ಭಾಗದಲ್ಲಿ ಕೋಡ್ ಬರೀತೀನಿ. ಹಾಗಾಗಿ ‘ಬಂದೇ ಇಲ್ಲ’ ಅನ್ನೋ ಮಾತು ನನಗೆ ಚುಚ್ಚಿತು. ಮೊದಲನೇ ಸಲ ಆ 4.2 ಎಂಬಿ ಬಾಗಿಲವರೆಗೂ ಬಂದಿತ್ತು. ಬಾಗಿಲಿನಿಂದ ಒಳಮನೆಗೆ ಹೋಗಲಿಲ್ಲ, ಅಷ್ಟೇ. ಈ ಬಾಗಿಲು ಮತ್ತು ಒಳಮನೆಯ ನಡುವೆ ಏನು ನಡೆಯುತ್ತೆ ಅನ್ನೋದು ಎಂಜಿನಿಯರ್‌ಗಳಿಗೆ ಮಾತ್ರ ಗೊತ್ತಿದ್ದರೆ ಸಾಕು ಅನ್ನೋ ಕಾಲ ಮುಗಿದಿದೆ. ಪಡಿತರದಿಂದ ಪಿಂಚಣಿವರೆಗೆ ಎಲ್ಲಾ ಅರ್ಜಿಗಳೂ ಈ ಬಾಗಿಲಿನ ಮೂಲಕವೇ ಹೋಗಬೇಕು. ಅದಕ್ಕೇ ಇದನ್ನ ಬಿಡಿಸಿ ಹೇಳ್ತಿದ್ದೀನಿ.

ಅರ್ಜಿಗೆ ತಲೆ ಇದೆ, ಮೈ ಇದೆ

ಬ್ರೌಸರ್ ಸರ್ವರ್‌ಗೆ ಕಳಿಸುವ ಪ್ರತಿ ಕೋರಿಕೆಯಲ್ಲೂ ಎರಡು ಭಾಗ. ಮೊದಲನೆಯದು ಹೆಡರ್, ಅಂದರೆ ತಲೆ. ಯಾವ ವಿಳಾಸಕ್ಕೆ, ಯಾವ ಬಗೆಯ ಮಾಹಿತಿ, ಎಷ್ಟು ಬೈಟ್ ಉದ್ದ ಅನ್ನೋದೆಲ್ಲಾ ಅಲ್ಲಿರುತ್ತೆ. ಅದಾದ ಮೇಲೆ ಒಂದು ಖಾಲಿ ಸಾಲು. ಅದರ ಕೆಳಗೆ ಶುರುವಾಗೋದು ಬಾಡಿ, ಅಂದರೆ ಮೈ: ನೀವು ತುಂಬಿದ ಹೆಸರು, ವಿಳಾಸ, ಲಗತ್ತಿಸಿದ ಪಿಡಿಎಫ್, ಫೋಟೋ. ವೆಬ್ ಶುರುವಾದಾಗ ಫಾರ್ಮಿನ ಮೂಲಕ ಫೈಲ್ ಕಳಿಸೋ ಸೌಲಭ್ಯವೇ ಇರಲಿಲ್ಲ. 1995ರಲ್ಲಿ ಅದಕ್ಕೊಂದು ಪದ್ಧತಿಯನ್ನ ಬರೆದಿಟ್ಟರು. ಇವತ್ತಿಗೂ ನಮ್ಮ ಬ್ರೌಸರ್‌ಗಳು ಹೆಚ್ಚುಕಡಿಮೆ ಅದೇ ಪದ್ಧತಿಯಲ್ಲಿ ಫೈಲ್ ಕಳಿಸ್ತವೆ.

ತಲೆ ಚಿಕ್ಕದು, ಸಾಮಾನ್ಯವಾಗಿ ಒಂದೆರಡು ಕೆಬಿ. ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತೆ. ತೊಂದರೆ ಎಲ್ಲಾ ಮೈಯದ್ದು. 4.2 ಎಂಬಿ ಫೈಲ್ ಒಂದೇ ಮೂಟೆಯಾಗಿ ಹೋಗೋದಿಲ್ಲ. ಒಂದೊಂದೂ ಸುಮಾರು 1,460 ಬೈಟ್‌ಗಳ ಪೊಟ್ಟಣಗಳಾಗಿ ಹೋಗುತ್ತೆ. ಅಂದರೆ ಆ ಹುಡುಗಿಯ ಅರ್ಜಿ ಹತ್ತಿರ ಹತ್ತಿರ 2,900 ಪೊಟ್ಟಣ. ದಾರಿಯಲ್ಲಿ ಕಳೆದುಹೋದದ್ದನ್ನ ಮತ್ತೆ ಕಳಿಸಬೇಕು, ಬಂದವನ್ನ ಸರಿಯಾದ ಸಾಲಿನಲ್ಲಿ ಜೋಡಿಸಬೇಕು.

ಒಳ್ಳೆ ಫೈಬರ್ ಕನೆಕ್ಷನ್‌ನಲ್ಲಿ ಸೆಕೆಂಡಿಗೆ 5 ಎಂಬಿ ಅಪ್‌ಲೋಡ್ ಸಿಕ್ಕರೆ ಇದಕ್ಕೆ ಒಂದು ಸೆಕೆಂಡೂ ಬೇಡ. ಆ ರಾತ್ರಿ ಹಾಟ್‌ಸ್ಪಾಟ್‌ನಲ್ಲಿ ಸಿಗ್ತಿದ್ದದ್ದು ಸೆಕೆಂಡಿಗೆ ಸುಮಾರು 50 ಕೆಬಿ. 84 ಸೆಕೆಂಡ್. ಈ 84 ಸೆಕೆಂಡ್ ಸರ್ವರ್ ಏನು ಮಾಡ್ತಾ ಇರಬೇಕು? ಇಡೀ ಪ್ರಶ್ನೆ ಇದೇ. ಇದಕ್ಕೆ ಎರಡು ಉತ್ತರ ಇದೆ.

ಟಪಾಲು ವಿಭಾಗ ಮತ್ತು ವಿಷಯ ನಿರ್ವಾಹಕ

ಯಾವುದಾದರೂ ಸರ್ಕಾರಿ ಕಚೇರಿ ನೆನಪು ಮಾಡಿಕೊಳ್ಳಿ. ಬಾಗಿಲ ಹತ್ತಿರ ಟಪಾಲು ವಿಭಾಗ. ಒಳಗೆ ಕಡತ ನೋಡುವ ವಿಷಯ ನಿರ್ವಾಹಕರು. ಟಪಾಲಿನವರು ನಿಮ್ಮ ಅರ್ಜಿ, ಲಗತ್ತು ಎಲ್ಲಾ ಪೂರ್ತಿ ಕೈಗೆ ಬರೋವರೆಗೂ ಕಾಯ್ತಾರೆ. ನೀವು ಜೆರಾಕ್ಸ್‌ಗೆ ಓಡಿ, ಸಹಿ ಮಾಡಿಸಿ, ಒಂದೊಂದೇ ಹಾಳೆ ತಂದುಕೊಟ್ಟರೂ ಅವರಿಗೆ ಬೇಸರವಿಲ್ಲ. ಎಲ್ಲಾ ಬಂದಮೇಲೆ ದಾರ ಕಟ್ಟಿ ಒಳಗೆ ಕಳಿಸ್ತಾರೆ. ವಿಷಯ ನಿರ್ವಾಹಕರ ಮೇಜಿಗೆ ಹೋಗೋದು ಪೂರ್ತಿ ಕಡತ ಮಾತ್ರ.

ವೆಬ್ ಸರ್ವರ್ ಭಾಷೆಯಲ್ಲಿ ಇದಕ್ಕೆ ಬಫರಿಂಗ್ ಅಂತಾರೆ. ಮುಂದೆ ನಿಂತಿರುವ ಸರ್ವರ್ ಮೈಯನ್ನೆಲ್ಲಾ ತಾನು ತುಂಬಿಸಿಕೊಂಡು, ಆಮೇಲೆ ಒಳಗಿನ ಅಪ್ಲಿಕೇಶನ್‌ಗೆ ದಾಟಿಸುತ್ತೆ. ಈ ಟಪಾಲು ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಫ್ಟ್‌ವೇರ್‌ಗಳಲ್ಲಿ ಒಂದು ಎಂಜಿನ್‌ಎಕ್ಸ್. ರಷ್ಯಾದ ಇಗೊರ್ ಸಿಸೋಯೆವ್ ಇದನ್ನ 2004ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಇದರ ವಿಶೇಷ ಏನಂದ್ರೆ, ಒಂದು ಕನೆಕ್ಷನ್‌ಗೆ ಒಬ್ಬ ಗುಮಾಸ್ತ ಅಂತ ಇದು ಕೂರಿಸೋದಿಲ್ಲ. ಒಬ್ಬನೇ ಸಾವಿರಾರು ಕಿಟಕಿ ಮೇಲೆ ಕಣ್ಣಿಟ್ಟಿರ್ತಾನೆ, ಯಾವ ಕಿಟಕಿಯಲ್ಲಿ ಹಾಳೆ ಬಂತೋ ಅದನ್ನ ಎತ್ತಿಟ್ಟುಕೊಳ್ತಾನೆ.

ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಂಡರೆ? 10,000 ಜನ ಒಟ್ಟಿಗೆ 4.2 ಎಂಬಿ ಕಳಿಸಿದರೆ 42 ಜಿಬಿ ಮೆಮೊರಿ ಬೇಕು. ಸರ್ವರ್ ಕುಸಿದುಬೀಳುತ್ತೆ. ಅದಕ್ಕೇ ಎಂಜಿನ್‌ಎಕ್ಸ್ ಒಬ್ಬೊಬ್ಬರಿಗೂ ಮೆಮೊರಿಯಲ್ಲಿ ಚಿಕ್ಕ ಜಾಗ ಮಾತ್ರ ಕೊಡುತ್ತೆ. ನಾವು ಏನೂ ಬದಲಾಯಿಸದಿದ್ದರೆ ಅದು 8 ಅಥವಾ 16 ಕೆಬಿ. ಅದು ತುಂಬಿದ ಮೇಲೆ ಉಳಿದದ್ದು ಡಿಸ್ಕ್‌ನ ತಾತ್ಕಾಲಿಕ ಫೈಲಿಗೆ ಹೋಗುತ್ತೆ. 16 ಕೆಬಿಯಂತೆ 10,000 ಜನಕ್ಕೆ ಮೆಮೊರಿ ಖರ್ಚು 160 ಎಂಬಿ ಅಷ್ಟೇ. ಆದರೆ ಡಿಸ್ಕ್ ಕೂಡ ಒಂದು ದಿನ ತುಂಬಬಹುದು. ಕೊನೆ ದಿನದ ರಾತ್ರಿ ತಾತ್ಕಾಲಿಕ ಫೋಲ್ಡರ್‌ನಲ್ಲಿ ಜಾಗ ಇಲ್ಲದಿದ್ದರೆ ನಿಮಗೆ ಕಾಣೋದು ‘500’ ಅನ್ನೋ ಎರರ್.

ಟಪಾಲು ಇಲ್ಲದಿದ್ದರೆ ಏನಾಗುತ್ತೆ? ಒಂದು ಲೆಕ್ಕ

ಒಳಗಿನ ಅಪ್ಲಿಕೇಶನ್‌ನಲ್ಲಿ 100 ಜನ ವಿಷಯ ನಿರ್ವಾಹಕರು ಇದ್ದಾರೆ ಅಂದುಕೊಳ್ಳಿ, ಅಂದರೆ ಒಟ್ಟಿಗೆ 100 ಕೋರಿಕೆ ನೋಡಬಲ್ಲ ವ್ಯವಸ್ಥೆ. ಮುಂದೆ ಟಪಾಲು ಇಲ್ಲ, ಜನ ನೇರವಾಗಿ ಇವರ ಮೇಜಿಗೇ ಬರ್ತಾರೆ. ಎಲ್ಲರ ನೆಟ್‌ವರ್ಕೂ ಆ ಹುಡುಗಿಯದ್ದರಂತೆಯೇ ಇದ್ದರೆ ಒಬ್ಬೊಬ್ಬರೂ 84 ಸೆಕೆಂಡ್ ಮೇಜು ಹಿಡಿದುಕೊಳ್ತಾರೆ. ಈ ಲೆಕ್ಕದಲ್ಲಿ ನಿಮಿಷಕ್ಕೆ ಮುಗಿಯೋದು ಸುಮಾರು 71 ಅರ್ಜಿ. ಆ 84 ಸೆಕೆಂಡಿನಲ್ಲಿ ಸಿಬ್ಬಂದಿ ಬಹುಪಾಲು ಸುಮ್ಮನೆ ಕೂತಿರ್ತಾರೆ, ಮುಂದಿನ ಹಾಳೆ ಬರಲಿ ಅಂತ.

ಈಗ ಮುಂದೆ ಟಪಾಲು ಇಡಿ. ಪೂರ್ತಿ ಕಡತ ಒಂದೇ ಏಟಿಗೆ ಒಳಗೆ ಬರುತ್ತೆ. ಅದನ್ನ ನೋಡೋಕೆ 0.2 ಸೆಕೆಂಡ್ ಸಾಕು ಅಂದುಕೊಂಡರೆ ಅದೇ 100 ಜನ ನಿಮಿಷಕ್ಕೆ 30,000 ಅರ್ಜಿ ನೋಡಬಹುದು. ಇದು ಕಾಗದದ ಮೇಲಿನ ಲೆಕ್ಕ, ನಿಜ. ಡೇಟಾಬೇಸ್ ಅಷ್ಟು ತಾಳಬೇಕು, ಡಿಸ್ಕ್ ತಾಳಬೇಕು. ಆದರೂ 71 ಎಲ್ಲಿ, 30,000 ಎಲ್ಲಿ? ಹೊಸ ಯಂತ್ರ ಕೊಳ್ಳದೆ, ಟಪಾಲಿನ ವ್ಯವಸ್ಥೆಯೊಂದನ್ನೇ ಸರಿಯಾಗಿ ಇಟ್ಟರೆ ಸಿಗೋ ವ್ಯತ್ಯಾಸ ಇದು. ‘ಸರ್ವರ್ ಮೇಲೆ ಲೋಡ್ ಜಾಸ್ತಿ’ ಅಂತ ಯಾರಾದರೂ ಹೇಳಿದಾಗ ನಾನು ಮೊದಲು ಕೇಳೋ ಪ್ರಶ್ನೆ: ಮೇಜುಗಳು ಕೆಲಸ ಮಾಡ್ತಾ ತುಂಬಿದ್ವೋ, ಕಾಯ್ತಾ ತುಂಬಿದ್ವೋ?

ಇನ್ನೊಂದು ದಾರಿ: ಬಂದಹಾಗೇ ಹರಿಸೋದು

ಹಾಗಾದರೆ ಬಫರಿಂಗ್ ಯಾವಾಗಲೂ ಒಳ್ಳೇದಾ? ಇಲ್ಲ. 2 ಜಿಬಿಯ ವಿಡಿಯೋ ಕಳಿಸ್ತಿದ್ದೀರಿ ಅಂದುಕೊಳ್ಳಿ. ಟಪಾಲಿನವರು ಅದನ್ನೆಲ್ಲಾ ತಮ್ಮ ಡಿಸ್ಕ್‌ಗೆ ಬರೆದುಕೊಂಡು, ಮತ್ತೆ ಓದಿ ಒಳಗೆ ಕಳಿಸಿ, ಒಳಗಿನವರು ಮತ್ತೊಮ್ಮೆ ಬರೆದುಕೊಳ್ಳೋದು ದುಪ್ಪಟ್ಟು ಕೂಲಿ. ಅಂಥ ಕಡೆ ಸ್ಟ್ರೀಮಿಂಗ್ ಬೇಕು: ಬಂದ ತುಂಡನ್ನ ಬಂದಹಾಗೇ ಒಳಗೆ ದಾಟಿಸೋದು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಪಿಡಿಎಫ್ ಫೈಲುಗಳ ಮೊದಲ ಬೈಟುಗಳಲ್ಲೇ ಅದು ಪಿಡಿಎಫ್ ಅನ್ನೋ ಗುರುತಿರುತ್ತೆ. ಯಾರಾದರೂ ತಪ್ಪಾಗಿ ವಿಡಿಯೋ ಹಾಕಿದ್ದರೆ ಪೂರ್ತಿ ಬರೋವರೆಗೂ ಕಾಯದೆ ಮೊದಲ ತುಂಡಿನಲ್ಲೇ ‘ಇದು ಬೇಡ, ಪಿಡಿಎಫ್ ಕೊಡಿ’ ಅನ್ನಬಹುದು.

ಸ್ಟ್ರೀಮಿಂಗ್‌ನಲ್ಲಿ ಒಂದು ಅಪಾಯ: ಒಳಗಿನವನು ನಿಧಾನ, ಹೊರಗಿನಿಂದ ಬರೋದು ಜೋರು. ಆಗ ಏನು? ಮೈಸೂರಿನವರಿಗೆ ಇದನ್ನ ಹೇಳೋದು ಸುಲಭ. ಮಳೆಗಾಲದಲ್ಲಿ ನಾವೆಲ್ಲಾ ಬೆಳಗ್ಗೆ ಎದ್ದು ನೋಡೋದೇ ಕೆಆರ್‌ಎಸ್ ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ. ಮಟ್ಟ 124.80 ಅಡಿ ಮುಟ್ಟಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಯಾಕಂದ್ರೆ ಕಾವೇರಿಗೆ ‘ಸ್ವಲ್ಪ ತಡಿಯಮ್ಮಾ’ ಅಂತ ಹೇಳೋಕಾಗಲ್ಲ. ಇಂಟರ್ನೆಟ್‌ನಲ್ಲಿ ಹೇಳಬಹುದು. ಪೊಟ್ಟಣ ಸಾಗಿಸುವ ಟಿಸಿಪಿ ಅನ್ನೋ ನಿಯಮಾವಳಿಯಲ್ಲಿ, ತೆಗೆದುಕೊಳ್ಳುವವನು ಪ್ರತಿ ಸಲವೂ ‘ನನ್ನ ಹತ್ತಿರ ಇನ್ನಿಷ್ಟು ಜಾಗ ಇದೆ’ ಅಂತ ತಿಳಿಸ್ತಾನೆ. ಜಾಗ ಸೊನ್ನೆ ಅಂದರೆ ಕಳಿಸೋನು ನಿಲ್ಲಬೇಕು. ಹೀಗೆ ಹಿಂದಕ್ಕೆ ತಡೆಯೊಡ್ಡೋದನ್ನ ಬ್ಯಾಕ್‌ಪ್ರೆಶರ್ ಅಂತ ಕರೀತಾರೆ. ಇದನ್ನ ಪಾಲಿಸದೆ ಬಂದದ್ದನ್ನೆಲ್ಲಾ ಮೆಮೊರಿಗೆ ತುಂಬಿಸಿಕೊಳ್ಳುವ ಕೋಡ್ ಬರೆದರೆ ಸರ್ವರ್ ಒಡೆದ ಕೆರೆಯಾಗುತ್ತೆ.

ಎಂಜಿನ್‌ಎಕ್ಸ್‌ನಲ್ಲಿ ಮೊದಲೆಲ್ಲಾ ಪೂರ್ತಿ ತುಂಬಿಸಿಕೊಳ್ಳೋದೊಂದೇ ದಾರಿ ಇತ್ತು. 2015ರಲ್ಲಿ ‘ಬಂದಹಾಗೇ ದಾಟಿಸು’ ಅನ್ನೋ ಆಯ್ಕೆಯೂ ಬಂತು. ಅದಕ್ಕೆ ತೆರಬೇಕಾದ ಬೆಲೆ ಇದೆ. ಬಫರಿಂಗ್ ಇದ್ದಾಗ ಒಳಗಿನ ಒಂದು ಸರ್ವರ್ ಕೈಕೊಟ್ಟರೆ, ಪೂರ್ತಿ ಅರ್ಜಿ ಟಪಾಲಿನಲ್ಲೇ ಇರೋದರಿಂದ ಇನ್ನೊಂದಕ್ಕೆ ಕಳಿಸಬಹುದು. ಹರಿಸೋಕೆ ಶುರು ಮಾಡಿದ ಮೇಲೆ ಹಾಗಾಗಲ್ಲ. ಅರ್ಧ ಆಗಲೇ ಹೋಗಿದೆ, ಪ್ರತಿ ಇಟ್ಟುಕೊಂಡಿಲ್ಲ. ಜನರೇ ಮೊದಲಿನಿಂದ ಕಳಿಸಬೇಕು. ಹಾಗಾಗಿ ಚಿಕ್ಕ ಚಿಕ್ಕ ಫೈಲು, ಲಕ್ಷಾಂತರ ಜನ, ನಿಧಾನದ ಮೊಬೈಲ್ ನೆಟ್‌ವರ್ಕ್ ಇರುವ ಅರ್ಜಿ ಪೋರ್ಟಲ್‌ಗಳಿಗೆ ಬಫರಿಂಗ್ ಒಳ್ಳೇದು. ಕಡಿಮೆ ಜನ, ದೊಡ್ಡ ಫೈಲು ಇರುವ ಕಡೆ ಸ್ಟ್ರೀಮಿಂಗ್. ಇದು ಯಂತ್ರ ತಾನೇ ಮಾಡೋ ತೀರ್ಮಾನ ಅಲ್ಲ. ಯಾರೋ ಕೂತು, ಬಳಸೋರು ಯಾರು ಅಂತ ಯೋಚಿಸಿ ಮಾಡಬೇಕಾದದ್ದು.

ನಾಲ್ಕು ನಂಬರ್, ನಾಲ್ಕು ಕಥೆ

‘ಸರ್ವರ್ ಡೌನ್’ ಅಂತ ಒಂದೇ ಮಾತಿನಲ್ಲಿ ಮುಗಿಸೋದರ ಒಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಘಟನೆಗಳಿವೆ.

413: ನಿಮ್ಮ ಮೈ ತೀರಾ ದೊಡ್ಡದು. ಯಾರೂ ಬದಲಾಯಿಸದೆ ಬಿಟ್ಟರೆ ಎಂಜಿನ್‌ಎಕ್ಸ್ ಒಪ್ಪೋದು 1 ಎಂಬಿ ಮಾತ್ರ. ಪಿಎಚ್‌ಪಿಯಲ್ಲಿ ಬರೆದ ಅಪ್ಲಿಕೇಶನ್ ಒಂದು ಫೈಲಿಗೆ 2 ಎಂಬಿ, ಒಟ್ಟು ಕೋರಿಕೆಗೆ 8 ಎಂಬಿ ಒಪ್ಪುತ್ತೆ. ಸರ್ಕಾರಿ ಕಚೇರಿಯಲ್ಲಿ ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಹಿಂಬರಹ ಕೊಡಬೇಕು. ಇಲ್ಲಿ 413 ಅನ್ನೋದೇ ಹಿಂಬರಹ. ಆದರೆ ಬ್ರೌಸರ್ ಇನ್ನೂ ಮೈ ಕಳಿಸ್ತಾ ಇರುವಾಗಲೇ ಸರ್ವರ್ ಈ ಉತ್ತರ ಕೊಟ್ಟು ಕನೆಕ್ಷನ್ ಮುಚ್ಚಿಬಿಟ್ಟರೆ, ಬ್ರೌಸರ್‌ಗೆ ಆ ಹಿಂಬರಹ ಓದೋಕೂ ಆಗದೇ ಇರಬಹುದು. ಎಂಜಿನ್‌ಎಕ್ಸ್‌ನ ಕೈಪಿಡಿಯಲ್ಲೇ ಬ್ರೌಸರ್‌ಗಳು ಈ ಎರರನ್ನ ಸರಿಯಾಗಿ ತೋರಿಸಲಾರವು ಅನ್ನೋ ಎಚ್ಚರಿಕೆ ಇದೆ. ನಿಮಗೆ ಕಾಣೋದು ‘ಕನೆಕ್ಷನ್ ಕಡಿದಿದೆ’ ಅಂತ ಮಾತ್ರ. ನೀವು ನೆಟ್‌ವರ್ಕನ್ನ ಬೈಕೊಂಡು ಟೆರೇಸ್ ಹತ್ತಿ ಮತ್ತೆ ಪ್ರಯತ್ನಿಸ್ತೀರಿ. ತಪ್ಪು ನೆಟ್‌ವರ್ಕಿನದ್ದೇ ಅಲ್ಲ.

408: ನಿಮ್ಮ ಮುಂದಿನ ಹಾಳೆಗಾಗಿ ಕಾದು ಕಾದು ಸಾಕಾಯ್ತು. ಎಂಜಿನ್‌ಎಕ್ಸ್‌ನಲ್ಲಿ ಒಂದು ತುಂಡಿಗೂ ಇನ್ನೊಂದು ತುಂಡಿಗೂ ನಡುವೆ 60 ಸೆಕೆಂಡ್ ಬಿಡುವು ಇರಬಹುದು. ಒಟ್ಟು ಎಷ್ಟು ಹೊತ್ತಾದರೂ ಆಗಲಿ, ಹನಿ ಹನಿಯಾಗಿ ಬರ್ತಾ ಇದ್ದರೆ ಸಾಕು. ಆದರೆ ಇದನ್ನ 10 ಸೆಕೆಂಡಿಗೆ ಇಳಿಸಿಟ್ಟಿರೋರೂ ಇರ್ತಾರೆ.

499: ನೀವೇ ಕೈಬಿಟ್ಟು ಹೋದಿರಿ. ಇದು ಎಂಜಿನ್‌ಎಕ್ಸ್ ತನ್ನ ದಾಖಲೆಯಲ್ಲಿ ಬರೆದುಕೊಳ್ಳೋಕೆ ಇಟ್ಟುಕೊಂಡಿರುವ ನಂಬರ್. ಚಕ್ರ ತಿರುಗೋದನ್ನ ನೋಡಿ ಬೇಸತ್ತು ನೀವು ಟ್ಯಾಬ್ ಮುಚ್ಚಿದಾಗ, ನೆಟ್ ಹೋದಾಗ ಇದು ದಾಖಲಾಗುತ್ತೆ.

504: ಟಪಾಲಿನವರು ನಿಮ್ಮಿಂದ ಎಲ್ಲಾ ತೆಗೆದುಕೊಂಡರು, ಒಳಗೆ ಕಳಿಸಿದರು, ಒಳಗಿಂದ ಉತ್ತರ ಬರಲಿಲ್ಲ. ಆ ನೀಲಿ ಗೆರೆಯ ರಹಸ್ಯ ಇಲ್ಲಿದೆ. ಬ್ರೌಸರ್ ತೋರಿಸೋ 100 ಪರ್ಸೆಂಟ್ ಅಂದರೆ ‘ನನ್ನ ಕೈಯಿಂದ ಎಲ್ಲಾ ಹೊರಟಿತು’ ಅಂತ ಮಾತ್ರ. ‘ನಿಮ್ಮ ಅರ್ಜಿ ನೋಂದಣಿ ಆಯ್ತು’ ಅಂತ ಅಲ್ಲ. ಒಳಗಿನವನು ಅರ್ಜಿಯನ್ನ ಡೇಟಾಬೇಸ್‌ಗೆ ಬರೆದನೋ ಇಲ್ಲವೋ ಅನ್ನೋದು 504 ನೋಡಿದ ಯಾರಿಗೂ ಗೊತ್ತಾಗಲ್ಲ. ಬರೆದು, ಉತ್ತರ ಕೊಡೋದರಲ್ಲಿ ತಡವಾಗಿದ್ದರೆ, ನೀವು ಮತ್ತೆ ಒತ್ತಿದಾಗ ‘ಈಗಾಗಲೇ ಅರ್ಜಿ ಇದೆ’ ಅಂತ ಬೈಸಿಕೊಳ್ತೀರಿ. ಬರೆದಿರದಿದ್ದರೆ ‘ಬಂದೇ ಇಲ್ಲ’ ಅನ್ನಿಸಿಕೊಳ್ತೀರಿ.

ನಿಧಾನವಾಗಿ ಕಳಿಸೋನು ಕಳ್ಳನೋ, ಬಡವನೋ?

ಸಮಯದ ಮಿತಿ ಯಾಕೆ ಬೇಕು ಅನ್ನೋದಕ್ಕೂ ಕಾರಣ ಇದೆ. 2009ರಲ್ಲಿ ಸ್ಲೋಲೋರಿಸ್ ಅನ್ನೋ ದಾಳಿಯ ಉಪಕರಣವೊಂದು ಹೊರಬಂತು. ಹೆಸರು ನಮ್ಮ ಕಾಡುಪಾಪದ ಸಂಬಂಧಿಯಾದ, ಮೆಲ್ಲಗೆ ಚಲಿಸೋ ಪ್ರಾಣಿಯದ್ದು. ಇದು ಸರ್ವರ್ ಮೇಲೆ ಮುಗಿಬೀಳೋದಿಲ್ಲ. ನೂರಾರು ಕನೆಕ್ಷನ್ ತೆಗೆದು ತಲೆಯ ಭಾಗವನ್ನ ಒಂದೊಂದೇ ಸಾಲು, ಮೆಲ್ಲಗೆ ಕಳಿಸ್ತಾ ಇರುತ್ತೆ, ಮುಗಿಸೋದೇ ಇಲ್ಲ. ಮೇಜುಗಳೆಲ್ಲಾ ಇವನಿಗೇ ಕಾಯ್ತಾ ಕೂರ್ತವೆ, ನಿಜವಾದ ಜನಕ್ಕೆ ಜಾಗ ಸಿಗಲ್ಲ. ಆಮೇಲೆ ಇದೇ ಉಪಾಯವನ್ನ ಮೈಯ ಭಾಗಕ್ಕೂ ಬಳಸಿದರು: ‘ದೊಡ್ಡ ಫೈಲ್ ಕಳಿಸ್ತೀನಿ’ ಅಂತ ತಲೆಯಲ್ಲಿ ಹೇಳಿ, ಒಂದೊಂದೇ ಬೈಟ್ ಉದುರಿಸೋದು.

ಇದಕ್ಕೆ ಮದ್ದು ಅಂತ ಅಪಾಚೆ ಸರ್ವರ್‌ನಲ್ಲಿ ಕನಿಷ್ಠ ವೇಗದ ನಿಯಮ ಇಟ್ಟರು. ಮೈ ಬರೋಕೆ ಮೊದಲು 20 ಸೆಕೆಂಡ್, ಆಮೇಲೆ ಬಂದ ಪ್ರತಿ 500 ಬೈಟ್‌ಗೆ ಒಂದು ಸೆಕೆಂಡ್ ಹೆಚ್ಚುವರಿ. ಇದು ಉದಾರವಾದ ಮಿತಿಯೇ. ಆದರೆ ಭದ್ರತೆಯ ಹೆಸರಲ್ಲಿ ಇದನ್ನ ಹತ್ತು ಪಟ್ಟು, ನೂರು ಪಟ್ಟು ಬಿಗಿ ಮಾಡಬಹುದು. ಹಾಗೆ ಮಾಡಿದಾಗ ಸರ್ವರ್ ಕಣ್ಣಿಗೆ ದಾಳಿಕೋರನೂ ಎಚ್.ಡಿ. ಕೋಟೆ ಕಡೆಯ ಹಾಡಿಯಿಂದ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅರ್ಜಿ ಹಾಕೋ ಹುಡುಗನೂ ಒಂದೇ ಥರ ಕಾಣ್ತಾರೆ. ಇಬ್ಬರೂ ನಿಧಾನ. ಇಬ್ಬರನ್ನೂ ಹೊರಗೆ ಹಾಕುತ್ತೆ. ಬೆಂಗಳೂರಿನ ಹೈಸ್ಪೀಡ್ ಕನೆಕ್ಷನ್‌ನಲ್ಲಿ ಕೂತು ಪರೀಕ್ಷೆ ಮಾಡಿದ ಎಂಜಿನಿಯರ್‌ಗೆ ಇದು ಯಾವತ್ತೂ ಗೊತ್ತಾಗೋದಿಲ್ಲ. ಯಾಕಂದ್ರೆ ಅವನ ಫೈಲ್ ಒಂದೇ ಸೆಕೆಂಡಿಗೆ ಹೋಗುತ್ತೆ. ಯಾರ ನಿಧಾನವನ್ನ ಸಹಿಸಬೇಕು ಅನ್ನೋದು ತಾಂತ್ರಿಕ ಸೆಟ್ಟಿಂಗ್‌ನಲ್ಲಿ ಅಡಗಿ ಕೂತಿರೋ ರಾಜಕೀಯ ತೀರ್ಮಾನ.

ಕರ್ನಾಟಕ ಇದನ್ನ ಕಂಡಿದೆ

2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾ ಸಿಂಧು ಮೂಲಕ ಶುರುವಾದಾಗಿನ ದಿನಗಳು ನೆನಪಿರಬಹುದು. ಮೈಸೂರು ಒನ್ ಕೇಂದ್ರಗಳ ಮುಂದೆ ಕರೆಂಟ್ ಬಿಲ್ ಹಿಡಿದು ನಿಂತ ಸಾಲು, ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನೋ ಮಾತು. ಪೋರ್ಟಲ್ ಹ್ಯಾಕ್ ಆಗಿದೆ ಅನ್ನೋ ರಾಜಕೀಯ ಆರೋಪವೂ ಆಗ ಕೇಳಿಬಂದಿತ್ತು. ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಸರ್ಕಾರ ಬೇರೆ ದಾರಿ ಹಿಡಿಯಿತು: ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಫಲಾನುಭವಿಗಳಿಗೆ ಮೆಸೇಜ್ ಮೂಲಕ ತಿಳಿಸಿತು. ಈಗ ಅದನ್ನ ಹಿಂತಿರುಗಿ ನೋಡಿದರೆ ನನಗೆ ಕಾಣೋದು ಬ್ಯಾಕ್‌ಪ್ರೆಶರ್. ಒಳಗೆ ಎಷ್ಟು ತಾಳುತ್ತೋ ಅಷ್ಟನ್ನೇ ಬಾಗಿಲಿಗೆ ಬಿಡೋದು. ಆಗಸ್ಟ್ 30ರಂದು ನಮ್ಮ ಮಹಾರಾಜ ಕಾಲೇಜು ಮೈದಾನದಲ್ಲೇ ಆ ಯೋಜನೆಗೆ ಚಾಲನೆ ಸಿಕ್ಕಾಗ ಒಂದು ಕೋಟಿಗೂ ಹೆಚ್ಚು ಮಹಿಳೆಯರು ನೋಂದಾಯಿಸಿಕೊಂಡಿದ್ದರು. ಅಂದರೆ ದೊಡ್ಡ ಸಂಖ್ಯೆಯನ್ನ ಸಂಭಾಳಿಸೋದು ಅಸಾಧ್ಯ ಅಲ್ಲ. ಮನಸ್ಸು ಮಾಡಬೇಕು.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ನಡೆದಾಗ ಮತ್ತೆ ಅದೇ. 60 ಪ್ರಶ್ನೆಗಳ ಆ್ಯಪ್ ಹಿಡಿದು ಮನೆಮನೆ ತಿರುಗಿದ ಶಿಕ್ಷಕರು ಮೊದಲ ದಿನಗಳಲ್ಲಿ ಆ್ಯಪ್ ಮತ್ತು ಸರ್ವರ್ ತೊಂದರೆಗಳ ಬಗ್ಗೆ ದೂರಿದ್ದರು. ಅಲ್ಲಿ ಪೆಟ್ಟು ಬಿದ್ದದ್ದು ಬಿಸಿಲಲ್ಲಿ ನಿಂತ ಮೇಷ್ಟ್ರಿಗೆ, ಅವರ ಮುಂದೆ ಅಡುಗೆ ಬಿಟ್ಟು ಕೂತ ಹೆಂಗಸರಿಗೆ.

ಸರಿಯಾಗಿ ಮಾಡೋಕೆ ಬರುತ್ತೆ

ಇದೆಲ್ಲಾ ಬಗೆಹರಿಯದ ಸಮಸ್ಯೆ ಅಲ್ಲ. ಮೊದಲನೇದು, ಅರ್ಜಿ ಸಂಖ್ಯೆ ಮೊದಲು, ಲಗತ್ತು ಆಮೇಲೆ. ಹೆಸರು, ಜನ್ಮದಿನಾಂಕದಂಥ ಅಕ್ಷರಗಳೆಲ್ಲಾ ಸೇರಿ ಐದು ಕೆಬಿಯೂ ಆಗಲ್ಲ. ಅದು ಎಂಥ ನೆಟ್‌ವರ್ಕ್‌ನಲ್ಲೂ ಹೋಗುತ್ತೆ. ಅದು ಬಂದ ಕೂಡಲೇ ನಂಬರ್ ಕೊಟ್ಟುಬಿಡಿ, ಫೈಲು ಸೇರಿಸೋಕೆ ಎರಡು ದಿನ ಬಿಡಿ.

ಎರಡನೇದು, ತುಂಡು ತುಂಡಾಗಿ ಕಳಿಸಿ, ನಿಂತಲ್ಲಿಂದ ಮುಂದುವರಿಸೋದು. ಟಸ್ ಅನ್ನೋ ಮುಕ್ತ ಪದ್ಧತಿ ಇದಕ್ಕೇ ಇದೆ. ಕನೆಕ್ಷನ್ ಕಡಿದರೆ ಬ್ರೌಸರ್ ಮತ್ತೆ ಬಂದು ‘ನನ್ನ ಫೈಲಿನಲ್ಲಿ ಎಷ್ಟು ಬೈಟ್ ತಲುಪಿದೆ?’ ಅಂತ ಕೇಳುತ್ತೆ. ಸರ್ವರ್ ‘ಇಷ್ಟು’ ಅನ್ನುತ್ತೆ. ಅಲ್ಲಿಂದ ಮುಂದಕ್ಕೆ. ಮೊದಲಿನಿಂದ ಶುರು ಮಾಡೋ ಶಿಕ್ಷೆ ಇಲ್ಲ.

ಮೂರನೇದು, ಪ್ರತಿ ಸಲ್ಲಿಕೆಗೂ ಬ್ರೌಸರ್ ಒಂದು ಗುರುತು ಅಂಟಿಸಲಿ. ಅದೇ ಗುರುತಿನ ಅರ್ಜಿ ಎರಡನೇ ಸಲ ಬಂದರೆ ಹೊಸದು ಮಾಡದೆ ಹಳೇದರ ಉತ್ತರವನ್ನೇ ಕೊಡಲಿ. ಆಗ 504 ನೋಡಿ ಮತ್ತೆ ಒತ್ತೋಕೆ ಯಾರೂ ಹೆದರಬೇಕಿಲ್ಲ.

ನಾಲ್ಕನೇದು, ಫೋಟೋವನ್ನ ಬ್ರೌಸರ್‌ನಲ್ಲೇ ಚಿಕ್ಕದು ಮಾಡೋದು. ಈಗ ‘200 ಕೆಬಿ ಒಳಗಿರಬೇಕು’ ಅಂತ ಬರೆದು ಕೈತೊಳೆದುಕೊಳ್ತಾರೆ. ಕೆಬಿ ಕಮ್ಮಿ ಮಾಡಿಸೋಕೆ ಜನ ಸೈಬರ್ ಸೆಂಟರ್‌ಗೆ ಹೋಗಿ ದುಡ್ಡು ಕೊಡ್ತಾರೆ. ಇಪ್ಪತ್ತು ಸಾಲಿನ ಕೋಡ್ ಮಾಡಬೇಕಾದ ಕೆಲಸಕ್ಕೆ ಕೂಲಿಯವರ ಜೇಬಿಂದ ಹಣ ಹೋಗುತ್ತೆ.

ನಂಬರ್ ಇಲ್ಲದಿದ್ದರೆ ಹಕ್ಕೂ ಇಲ್ಲ

ನನ್ನ ಮುಖ್ಯ ಮಾತು ಈಗ ಬರುತ್ತೆ. ನಮ್ಮ ರಾಜ್ಯದಲ್ಲಿ 2011ರಲ್ಲಿ ಮಾಡಿದ ಸಕಾಲ ಕಾಯ್ದೆ ಇದೆ. ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಹಾಕಿದರೆ 15 ಅಂಕಿಯ ನಂಬರ್ ಸಿಗುತ್ತೆ. ಗಡುವಿನೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಮೇಲ್ಮನವಿ ಹಾಕಬಹುದು. ಇದೆಲ್ಲಾ ಶುರುವಾಗೋದು ಆ ನಂಬರ್ ಸಿಕ್ಕ ಮೇಲೆ. ಮೈ ಪೂರ್ತಿ ತಲುಪದೆ ಸತ್ತ ಅರ್ಜಿಗೆ ನಂಬರ್ ಇಲ್ಲ. ನಂಬರ್ ಇಲ್ಲ ಅಂದರೆ ವಿಳಂಬ ಇಲ್ಲ, ತಿರಸ್ಕಾರ ಇಲ್ಲ, ಹಿಂಬರಹ ಇಲ್ಲ, ಮೇಲ್ಮನವಿ ಇಲ್ಲ. ಕಚೇರಿಯ ಅಂಕಿಅಂಶದಲ್ಲಿ ಎಲ್ಲಾ ಅರ್ಜಿಗಳೂ ಸಕಾಲಕ್ಕೆ ವಿಲೇವಾರಿ. ಹೊರಗೆ ಉಳಿದೋರು ಲೆಕ್ಕಕ್ಕೇ ಇಲ್ಲ.

ಆದರೆ ಸರ್ವರ್ ಲೆಕ್ಕ ಇಡುತ್ತೆ. ಎಂಜಿನ್‌ಎಕ್ಸ್‌ ಆಗಲಿ ಅಪಾಚೆ ಆಗಲಿ, ಬಾಗಿಲು ತಟ್ಟಿದ ಪ್ರತಿ ಕೋರಿಕೆಗೂ ಲಾಗ್ ಫೈಲಿನಲ್ಲಿ ಒಂದು ಸಾಲು ಬರೆದಿಡುತ್ತೆ: ಎಷ್ಟು ಹೊತ್ತಿಗೆ, ಯಾವ ಪುಟಕ್ಕೆ, ಕೊನೆಗೆ ಯಾವ ನಂಬರ್. 413, 408, 499, 504 ಎಲ್ಲವೂ ಅಲ್ಲಿವೆ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲರೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನ 180 ದಿನ ಇಟ್ಟುಕೊಳ್ಳಬೇಕು. ಇನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಎಫ್) ‘ಮಾಹಿತಿ’ ಅಂದರೆ ಏನು ಅಂತ ಹೇಳುವಾಗ ಲಾಗ್‌ಬುಕ್‌ಗಳನ್ನೂ, ಎಲೆಕ್ಟ್ರಾನಿಕ್ ರೂಪದಲ್ಲಿರುವ ದತ್ತಾಂಶವನ್ನೂ ಹೆಸರಿಸಿ ಸೇರಿಸಿದೆ.

ಹಾಗಾಗಿ ನಾನೂ ಆ ಹುಡುಗಿಯೂ ಕೂತು ಹತ್ತು ರೂಪಾಯಿಯ ಒಂದು ಆರ್‌ಟಿಐ ಅರ್ಜಿ ಬರೆದ್ವಿ. ಕೇಳಿದ್ದು ನಾಲ್ಕೇ: ಕೊನೆ ದಿನ ಸಂಜೆ 6ರಿಂದ ರಾತ್ರಿ 12ರವರೆಗೆ ಅರ್ಜಿ ಸಲ್ಲಿಕೆ ಪುಟಕ್ಕೆ ಬಂದ ಕೋರಿಕೆ ಎಷ್ಟು? ಅದರಲ್ಲಿ 408, 413, 499, 504 ಆದದ್ದು ಒಂದೊಂದೂ ಎಷ್ಟು? ಗರಿಷ್ಠ ಗಾತ್ರ ಮತ್ತು ಸಮಯದ ಮಿತಿ ಎಷ್ಟಕ್ಕೆ ಇಡಲಾಗಿತ್ತು? ಆ ಅವಧಿಯ ಲಾಗ್ ಈಗಲೂ ಇದೆಯೇ? ಬೇರೆಯವರ ಐಪಿ ವಿಳಾಸ, ಖಾಸಗಿ ವಿವರ ಬೇಡ, ಅದನ್ನ ಕಲಂ 10ರ ಪ್ರಕಾರ ಮುಚ್ಚಿಯೇ ಕೊಡಿ ಅಂತಲೂ ಬರೆದ್ವಿ. ‘ಎಣಿಕೆ ಮಾಡಿಟ್ಟಿಲ್ಲ’ ಅಂತ ಜಾರಿಕೊಳ್ಳಬಾರದು ಅಂತ, ಎಣಿಕೆ ಇಲ್ಲದಿದ್ದರೆ ಆ ಆರು ಗಂಟೆಯ ಲಾಗ್ ಸಾಲುಗಳನ್ನೇ ಕೊಡಿ, ನಾವೇ ಎಣಿಸ್ಕೋತೀವಿ ಅಂತ ಸೇರಿಸಿದ್ವಿ.

ನಿಮಗೂ ಹೀಗೇ ಆಗಿದ್ದರೆ ಮೂರು ಕೆಲಸ ಮಾಡಿ. ಎರರ್ ಬಂದ ಕೂಡಲೇ ಗಂಟೆ, ವಿಳಾಸಪಟ್ಟಿ, ನಂಬರ್ ಮೂರೂ ಕಾಣೋಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದೇ ದಿನ ಇಲಾಖೆಗೆ ಇಮೇಲ್ ಹಾಕಿ, ಸ್ಕ್ರೀನ್‌ಶಾಟ್ ಲಗತ್ತಿಸಿ. 180 ದಿನ ಕಳೆಯೋದರೊಳಗೆ ಆರ್‌ಟಿಐ ಹಾಕಿ. ಕಾಲೇಜಿನಲ್ಲಿ ಹತ್ತು ಜನ ಸೇರಿದರೆ ಇನ್ನೂ ಒಳ್ಳೇದು. ಒಬ್ಬರ ಎರರ್ ಅವರವರ ಹಣೆಬರಹದ ಥರ ಕಾಣುತ್ತೆ, ಹತ್ತು ಜನರದ್ದು ಒಂದೇ ಹೊತ್ತಿನ ಎರರ್ ಆದರೆ ಅದು ಸಾಕ್ಷಿ.

ಕಾಯ್ದೆ ಪ್ರಕಾರ ಅವರಿಗೆ 30 ದಿನ ಸಮಯ ಇದೆ. ಇವತ್ತಿಗೆ ಹನ್ನೊಂದು ದಿನ ಆಗಿದೆ. ಅವಳು ಈ ಸೆಮಿಸ್ಟರ್ ಫೀಸನ್ನ ಅಮ್ಮನ ಸ್ವಸಹಾಯ ಸಂಘದಿಂದ ಸಾಲ ತೆಗೆದು ಕಟ್ಟಿದ್ದಾಳೆ. ಮೊನ್ನೆ ದಾರೀಲಿ ಸಿಕ್ಕಾಗ ಕೇಳಿದಳು: “ಅಣ್ಣಾ, ಅವತ್ತು ನೂರು ಪರ್ಸೆಂಟ್ ತೋರಿಸ್ತಲ್ಲ, ಆ ಸಾಲು ಅವರ ಹತ್ರ ಇದ್ದೇ ಇರುತ್ತೆ ತಾನೇ?” ಇರಬೇಕು ಅಂದೆ. ಉತ್ತರ ಬಂದ ದಿನ ಆ ಸಂಖ್ಯೆಗಳನ್ನ ಇಲ್ಲೇ ಬರೀತೀನಿ.